ಆಚೆದಡದ ಹುಡುಗಿಯರು ತಿದ್ದಿದ ಪಾಠ

ನಮ್ಮೂರಿನ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸುವವರಿಗೆ, ವಿಜ್ಞಾನ ಕಲಿಸುವವರಿಗೆ, ಪೀಟಿ ಮೇಷ್ಟ್ರಿಗೆ, ಎಲ್ಲರಿಗೂ ಬೇಸಿಗೆ ರಜೆ ಉಂಟು. ಗಣಿತ ಕಲಿಸುವ ನಮಗೆ ಮಾತ್ರ ಇಲ್ಲ. ಪರೀಕ್ಷೆ ಮುಗಿದು, ಪೇಪರು ತಿದ್ದಿ, ಫಲಿತಾಂಶದ ಹಾಳೆ ಗೋಡೆಗೆ ಅಂಟಿಸುವ ಹೊತ್ತಿಗೆ ಊರು ಮಗ್ಗುಲು ಬದಲಿಸುತ್ತದೆ. ಸದ್ದಿಲ್ಲ, ನಡುಕವಿಲ್ಲ. ಬೆಳಗ್ಗೆ ಹಾಲು ತರಲು ಹೊರಟವರು ಅರ್ಧ ದಾರಿಯಲ್ಲಿ ನಿಂತು, "ಅರೆ, ಬೀದಿ ಉದ್ದ ಆಗಿದೆಯಲ್ಲ!" ಎಂದರೆ ಆಯಿತು, ಈ ವರ್ಷದ ಮಗ್ಗುಲು ಮುಗಿಯಿತು ಎಂದು ತಿಳಿಯಬೇಕು. ಗೋಡೆಯ ಮೇಲಿಂದಲೇ ಮಜ್ಜಿಗೆ ಚೊಂಬು ದಾಟಿಸುತ್ತಿದ್ದ ಅಕ್ಕಪಕ್ಕದವರ ನಡುವೆ ಒಂದು ಬಯಲು ಬಂದು ಕೂತಿರುತ್ತದೆ. ವರ್ಷವಿಡೀ ದೂರವಿದ್ದ ಸಂತೆಮಾಳ ಹಿತ್ತಲಿಗೇ ಬಂದಿರುತ್ತದೆ. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಯಾರಾದರೂ "ಹುಡುಗನ ಮನೆ ದೂರವೇ?" ಎಂದು ಕೇಳಿದರೆ, "ಈ ವರ್ಷ ಹತ್ತಿರ" ಎನ್ನುವುದು ರೂಢಿ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಎಲ್ಲರೂ ಸ್ವಲ್ಪ ಉದ್ದವೇ ಕೊಳ್ಳುತ್ತಾರೆ, ಅಷ್ಟೆ.

ಆದರೆ ಯಾರಾದರೂ ಅಳೆಯಬೇಕಲ್ಲ? ಬಸ್ಸಿನ ವೇಳೆ ಬದಲಾಗಬೇಕು, ಲೈಟು ಕಂಬದ ತಂತಿ ಎಳೆಯಬೇಕು, ನಲ್ಲಿಯ ಪೈಪು ಕೂಡಿಸಬೇಕು. ಆ ಕೆಲಸ ನಮ್ಮದು. ಊರಿನ ಹೈಸ್ಕೂಲುಗಳ ಗಣಿತದ ಮೇಷ್ಟ್ರು, ಟೀಚರುಗಳೆಲ್ಲ ಸೇರಿ, ಹತ್ತನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಬೀದಿ ಬೀದಿ ಅಳೆದು, ಬರುವ ವರ್ಷದ ಪಾಠಗಳನ್ನು ಹೊಸದಾಗಿ ಕಟ್ಟುತ್ತೇವೆ. ಅದಕ್ಕೆ ತಿದ್ದುಪಡಿ ಎಂದು ಹೆಸರು. ಬೇರೆ ಊರಿನ ಗಣಿತ ಪುಸ್ತಕದಲ್ಲಿ ರೈಲು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತದೆ. ನಮ್ಮ ಪುಸ್ತಕದಲ್ಲಿ ಕುಂಬಾರಗೇರಿಯಿಂದ ಹೊರಟ ಸೈಕಲ್ಲು ಆಸ್ಪತ್ರೆಗೇ ಹೋಗುತ್ತದೆ, ಉತ್ತರದ ಮೇಲೆ ಅನುಮಾನ ಬಂದರೆ ಮಗು ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡಬಹುದು. ನಮ್ಮ ಪಾಠದ ಸಾಮಾನುಗಳೂ ಹಾಗೆಯೇ. ಗಾಡಿಯ ಗಾಲಿಯಷ್ಟು ದೊಡ್ಡ ಹಲಸಿನ ಮರದ ಕೋನಮಾಪಕ, ಗಂಟು ಹಾಕಿದ ಅಳತೆ ಹಗ್ಗ, ಕೆಂಪು ಬಿಳಿ ಬಣ್ಣ ಬಳಿದ ಕೋಲು. ಇವನ್ನು ಹೊತ್ತುಕೊಂಡು ನಾವು ಬೀದಿಗೆ ಇಳಿದರೆ ಅಂಗಡಿಯವರು ಎದ್ದು ನಿಂತು ದಾರಿ ಬಿಡುತ್ತಾರೆ. ಬೇರೆಲ್ಲಿ ಗಣಿತದ ಟೀಚರಿಗೆ ಇಂಥ ಮರ್ಯಾದೆ ಇದೆ ಹೇಳಿ.

ತಿದ್ದುಪಡಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಕಮರಿಯ ಅಳತೆ. ಊರನ್ನು ಎರಡು ಪಾಲು ಮಾಡಿ ಆಳದಲ್ಲಿ ನೀರು ಹರಿಯುವ ಕಮರಿ ಅದು. ಈಚೆದಡದಲ್ಲಿ ಬಾಲಿಕೆಯರ ಹೈಸ್ಕೂಲು, ಅಂದರೆ ನನ್ನ ಶಾಲೆ. ಆಚೆದಡದ ಅಂಚಿನಲ್ಲೇ ನೀರಿನ ಟ್ಯಾಂಕು, ಅದರ ಹಿಂದೆ ಮನೆಗಳು. ನಡುವೆ ತೂಗುಸೇತುವೆ. ಮಗ್ಗುಲಾದಾಗಲೆಲ್ಲ ಅದು ಹರಿದು ಬೀಳುತ್ತದೆ, ಪ್ರತಿ ವರ್ಷ ಹೊಸದು ಕಟ್ಟಬೇಕು. ಉಕ್ಕಿನ ಹಗ್ಗ ಕಡಿದು ಎರಡೂ ತುದಿಗೆ ಕಬ್ಬಿಣದ ಗಡ್ಡೆ ಎರಕ ಹೊಯ್ದರೆ ಮುಗಿಯಿತು, ಆಮೇಲೆ ಹೆಚ್ಚು ಕಡಿಮೆ ಮಾಡಲಾಗದು. ಗಿಡ್ಡವಾದರೆ ಮುಟ್ಟುವುದಿಲ್ಲ, ಉದ್ದವಾದರೆ ಜೋತುಬಿದ್ದು ಮಳೆಗಾಲದ ನೀರಿಗೆ ಸಿಗುತ್ತದೆ. ಗಾಳಿಪಟದ ದಾರ ಹಾಯಿಸಿ ಅಳೆಯಬಾರದೇ ಎಂದು ಹೊರಗಿನವರು ಕೇಳುತ್ತಾರೆ. ನಾನು ಚಿಕ್ಕವಳಿದ್ದಾಗ ಹಾಗೂ ಮಾಡಿದ್ದರು. ಕಮರಿಯ ಗಾಳಿಗೆ ದಾರ ಬಿಲ್ಲಿನಂತೆ ಬಾಗಿ ಅಳತೆ ಹೆಚ್ಚಾಯಿತು, ಆ ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋಯಿತು. ಆಚೆದಡದ ಹುಡುಗಿಯರು ಒಂದು ವರ್ಷ ಶಾಲೆಗೆ ಬರಲಿಲ್ಲ. ಬೆಟ್ಟ ಸುತ್ತಿ ಬರಬೇಕೆಂದರೆ ಇಡೀ ದಿನದ ದಾರಿ. ಸೇತುವೆ ಮತ್ತೆ ಆದಾಗಲೂ ಅವರಲ್ಲಿ ಮುಕ್ಕಾಲು ಪಾಲು ಬರಲಿಲ್ಲ, ಕೆಲವರಿಗೆ ಮದುವೆಯಾಗಿತ್ತು, ಕೆಲವರ ಕಂಕುಳಲ್ಲಿ ತಮ್ಮ ತಂಗಿಯರಿದ್ದರು. ಆಮೇಲೆ ಶಂಭುಲಿಂಗಪ್ಪ ಮೇಷ್ಟ್ರು ಈ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಕೋನ ಹಿಡಿದು, ಕಮರಿ ದಾಟದೆಯೇ ಕಮರಿಯ ಅಗಲ ಹೇಳಿದರು. ಅಂದಿನಿಂದ ಒಂದು ವರ್ಷವೂ ಸೇತುವೆ ತಪ್ಪಿರಲಿಲ್ಲ. 'ಎತ್ತರ ಮತ್ತು ದೂರ' ಎಂಬ ಅವರ ಪಾಠವನ್ನು ನಾನು ಅವರ ಕೈಯಲ್ಲೇ ಕಲಿತವಳು, ಆಮೇಲೆ ಅದನ್ನೇ ಕಲಿಸಿದವಳು.

ಅವರಿಗೆ ಕಣ್ಣು ಮಂಜಾದ ಮೇಲೆ, ಈ ಸಲ, ಕಮರಿಯ ಅಳತೆ ನನ್ನ ಪಾಲಿಗೆ ಬಂತು. "ವಾರಿಜಾ, ನೀನು ಮಾಡು. ನಾನು ಕುರ್ಚಿ ಹಾಕ್ಕೊಂಡು ಕೂತಿರ್ತೀನಿ," ಎಂದರು. ಬಾಲಕರ ಹೈಸ್ಕೂಲಿನ ಪ್ರಾಣೇಶ ಮೇಷ್ಟ್ರಿಗೆ ಇದು ಅಷ್ಟೇನೂ ಸೇರಲಿಲ್ಲ. ಸರ್ವಿಸಿನಲ್ಲಿ ಅವರು ನನಗಿಂತ ಹಿರಿಯರು. ಆದರೂ ಬಂದರು, ಅಂಗಿಯ ತೋಳು ಮಡಚಿ ಕೋನಮಾಪಕಕ್ಕೆ ಹೆಗಲು ಕೊಟ್ಟರು.

ಈ ವರ್ಷದ ಮಗ್ಗುಲು ಫಲಿತಾಂಶ ಹಚ್ಚಿದ ಮರುದಿನವೇ ಆಗಿತ್ತು. ನನ್ನ ಹತ್ತನೇ ಕ್ಲಾಸಿನ ಅಷ್ಟೂ ಹುಡುಗಿಯರು ಪಾಸಾಗಿದ್ದರು. ಆಚೆದಡದವರು ಹಿಂದಿನ ಸಂಜೆ ನೋಟೀಸ್ ಬೋರ್ಡಿನಲ್ಲಿ ತಮ್ಮ ಹೆಸರು ನೋಡಿ, ಬೆಲ್ಲ ಹಂಚಿ, ಸೇತುವೆ ದಾಟಿ ಮನೆಗೆ ಹೋಗಿದ್ದರು. ಬೆಳಗಾದರೆ ಸೇತುವೆ ಇಲ್ಲ, ಫೋನಿನ ತಂತಿಯೂ ಇಲ್ಲ. ಕಾಲೇಜಿಗೆ ಸೇರುವ ದಿನ ಹತ್ತಿರದಲ್ಲಿತ್ತು. ಒಂದು ವರ್ಷ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ಆ ದಡದ ಪ್ರತಿ ತಾಯಿಗೂ ಗೊತ್ತಿತ್ತು, ಪ್ರತಿ ಹುಡುಗಿಗೂ ಗೊತ್ತಿತ್ತು. ಹಗ್ಗದ ಮೇಸ್ತ್ರಿ ಕರಿಬಸಪ್ಪ ದೂರದಿಂದ ಉಕ್ಕಿನ ಸುರುಳಿಯನ್ನು ಲಾರಿಯಲ್ಲಿ ತಂದು ಶಾಲೆಯ ಮೈದಾನದಲ್ಲಿ ಇಳಿಸಿದ್ದ. ಎರಕದ ಕುಲುಮೆ ಉರಿಯುತ್ತಿತ್ತು. ಮೋಡ ಆಗಲೇ ಬೆಟ್ಟದ ನೆತ್ತಿಗೆ ಬಂದಿತ್ತು.

"ಟೀಚರಮ್ಮ, ಸಂಜೆ ಒಳಗೆ ಒಂದು ಅಂಕಿ ಕೊಡಿ. ಮಳೆ ಹಿಡಿದರೆ ಕುಲುಮೆ ಆರುತ್ತೆ, ಆಮೇಲೆ ನನ್ನ ಕೈಲಿ ಆಗಲ್ಲ," ಎಂದ.

ನಾನು ಈಚೆದಡದ ಅಂಚಿನಲ್ಲಿ ಬೋರಲಾಗಿ ಮಲಗಿದೆ. ಕಣ್ಣು ನೆಲದ ಮಟ್ಟದಲ್ಲೇ ಇರಬೇಕು, ಅದು ಪಾಠದ ಕ್ರಮ. ಆಚೆಯ ನೀರಿನ ಟ್ಯಾಂಕಿನ ಎತ್ತರ ಹದಿನೈದು ಮೀಟರು, ಅದು ಊರಿಗೆಲ್ಲ ಗೊತ್ತು. ಟ್ಯಾಂಕಿನ ತಲೆ ಎಷ್ಟು ಕೋನದಲ್ಲಿ ಕಾಣುತ್ತದೆ ಎಂದು ಹಿಡಿದರೆ ದೂರ ಸಿಕ್ಕಿತು. ಕೋನ ಹಿಡಿದೆ, ಪ್ರಾಣೇಶ ಮೇಷ್ಟ್ರು ಇನ್ನೊಮ್ಮೆ ಹಿಡಿದರು, ಒಂದೇ ಬಂತು. ಲೆಕ್ಕ ಹಾಕಿದೆ. ಐವತ್ತು ಮೀಟರು.

"ಐವತ್ತು," ಎಂದು ಶಂಭುಲಿಂಗಪ್ಪ ಮೇಷ್ಟ್ರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಕರಿಬಸಪ್ಪ ಹಗ್ಗಕ್ಕೆ ಸುಣ್ಣದ ಗುರುತು ಹಾಕಲು ಎದ್ದ.

ಆಗ ನನ್ನ ಕ್ಲಾಸಿನ ಒಬ್ಬ ಹುಡುಗಿ ಕೂಗಿದಳು, "ಟೀಚರ್, ಆಚೆ ನೋಡಿ! ಮುಬೀನಾ!"

ಆಚೆದಡದಲ್ಲಿ, ಬಿದಿರುಮೆಳೆಯ ಪಕ್ಕದ ತೆರಪಿನಲ್ಲಿ, ನನ್ನ ಕ್ಲಾಸಿನ ಹುಡುಗಿಯರು ಸಾಲಾಗಿ ನಿಂತಿದ್ದರು. ಕೈಯಲ್ಲಿ ಉದ್ದನೆಯ ಹಲಗೆಗಳು. ಕಿರಾಣಿ ಅಂಗಡಿಯ ಬಾಗಿಲಿನ ಹಲಗೆಗಳು ಅವು. ಅಂಗಡಿಯವನು ಹಿಂದೆ ನಿಂತು ಎರಡೂ ಕೈ ಬೀಸಿ ಬೈಯುತ್ತಿದ್ದದ್ದು ನಮಗೆ ಕಾಣುತ್ತಿತ್ತು, ನೀರಿನ ಮೊರೆತದಲ್ಲಿ ಕೇಳುತ್ತಿರಲಿಲ್ಲ. ಮಧ್ಯದಲ್ಲಿ ಮುಬೀನಾ, ಸೊಂಟಕ್ಕೆ ದುಪಟ್ಟಾ ಬಿಗಿದು ನಿಂತಿದ್ದಾಳೆ. ಪಕ್ಕದಲ್ಲಿ ಅವಳ ಜೀವದ ಗೆಳತಿ ದೇವೀರಿ. ಇಬ್ಬರೂ ಒಂದೊಂದು ಹಲಗೆಯನ್ನು ನಮ್ಮ ಕಡೆ ತಿರುಗಿಸಿದರು. ಸುಣ್ಣದಲ್ಲಿ ಆಳೆತ್ತರದ ಅಂಕಿಗಳು. ಎಂಟು. ಸೊನ್ನೆ.

"ಏನದು ಎಂಬತ್ತು?" ಎಂದ ಕರಿಬಸಪ್ಪ.

ನನಗೆ ಹಿಗ್ಗಾಯಿತು. ಯಾರೂ ಹೇಳದೆ, ಸಾಮಾನಿಲ್ಲದೆ, ಟೀಚರಿಲ್ಲದೆ ಆ ಮಕ್ಕಳು ತಮ್ಮ ದಡದಿಂದ ಕಮರಿಯನ್ನು ಅಳೆದಿದ್ದರು. ನಮ್ಮ ಶಾಲೆಯ ಧ್ವಜಸ್ತಂಭ ಈ ಅಂಚಿನಲ್ಲೇ ಇದೆ. ಹನ್ನೆರಡು ಮೀಟರು. ಅದನ್ನು ಹಿಡಿದುಕೊಂಡು ಮಾಡಿದ್ದಾರೆ. ಖುಷಿಯ ಬೆನ್ನಿಗೇ ಭಯವೂ ಬಂತು. ಕಮರಿ ಒಂದೇ. ಈಚೆಯಿಂದ ಐವತ್ತು, ಆಚೆಯಿಂದ ಎಂಬತ್ತು ಹೇಗಾದೀತು?

"ಪಾಪ, ಮಕ್ಕಳು," ಎಂದರು ಪ್ರಾಣೇಶ ಮೇಷ್ಟ್ರು. "ಗಾಬರೀಲಿ ಏನೋ ಮಾಡ್ಕೊಂಡಿದಾರೆ. ಬಿಡಿ."

"ಗಾಬರಿ ಬೀಳೋ ಹುಡುಗೀರಲ್ಲ ಸಾರ್ ಅವರು."

"ಹಾಗಂದ್ರೆ ತಪ್ಪು ನಮ್ಮದು ಅಂತೀರಾ? ಸರಿ, ಎರಡನ್ನೂ ಕೂಡಿಸಿ ಅರ್ಧ ಮಾಡಿ. ಅರವತ್ತೈದು. ಯಾರಿಗೂ ಬೇಜಾರಿಲ್ಲ."

ಕರಿಬಸಪ್ಪ ಸುಣ್ಣದ ಕಡ್ಡಿಯನ್ನು ನೆಲಕ್ಕೆ ಹಾಕಿದ. "ಪಂಚಾಯ್ತಿ ಮಾಡಿ ಹಗ್ಗ ಕಡಿಯೋಕಾಗಲ್ಲ ಮೇಷ್ಟ್ರೇ. ಅಳತೆ ಹೇಳಿ."

ನಾನು ಶಂಭುಲಿಂಗಪ್ಪ ಮೇಷ್ಟ್ರ ಕಡೆ ನೋಡಿದೆ. ಅವರು ಕುರ್ಚಿಯ ಕೈ ಹಿಡಿದು ಕೂತಿದ್ದರು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಊರು ಐವತ್ತನ್ನೇ ಒಪ್ಪುತ್ತಿತ್ತು. ಬದಲಿಗೆ, "ಈ ಸಲ ನಿನ್ನ ಕೆಲಸ ಅಲ್ವೇನಮ್ಮ," ಎಂದರು.

ಮತ್ತೆ ಮಲಗಿ ಕೋನ ಹಿಡಿದೆ. ಅದೇ ಕೋನ, ಅದೇ ಐವತ್ತು. ಕೈ ತಪ್ಪಿದ್ದರೆ ಒಂದೆರಡು ಮೀಟರು ವ್ಯತ್ಯಾಸ ಬರಬೇಕೇ ಹೊರತು ಮೂವತ್ತು ಮೀಟರು ಬಾರದು. ಆಚೆಯವರು ತಪ್ಪಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಆದರೆ ಮುಬೀನಾ ಉತ್ತರ ಕೊಡುವ ಮೊದಲು ಮೂರು ಸಲ ನೋಡುವ ಹುಡುಗಿ, ದೇವೀರಿ ಅವಳನ್ನು ನಾಲ್ಕನೇ ಸಲ ನೋಡುವಂತೆ ಮಾಡುವ ಹುಡುಗಿ. ನಾನು ಕ್ಲಾಸಿನಿಂದ ಕರಿಹಲಗೆಯನ್ನು ಹೊರಿಸಿ ತರಿಸಿದೆ. ದಡದ ಅಂಚಿಗೆ ನಿಲ್ಲಿಸಿ, ಸೀಮೆಸುಣ್ಣವನ್ನು ಅಡ್ಡ ಹಿಡಿದು ದೊಡ್ಡದಾಗಿ 50 ಎಂದು ಬರೆದೆ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ.

ಆಚೆ ಗದ್ದಲವೆದ್ದಿತು. ಹುಡುಗಿಯರೆಲ್ಲ ತಲೆಗೆ ತಲೆ ಸೇರಿಸಿ ನಿಂತರು. ಒಬ್ಬಳು ನಮ್ಮ ಕಡೆ ಕೈ ತೋರಿಸಿದಳು, ಇನ್ನೊಬ್ಬಳು ನೆಲದ ಕಡೆ. ಆಮೇಲೆ ಗುಂಪು ಒಡೆಯಿತು. ದೇವೀರಿ ಅಂಚಿನಲ್ಲಿ ಮಲಗಿದಳು. ಮುಬೀನಾ ಅವಳ ಕಾಲು ಹಿಡಿದುಕೊಂಡಳು, ಜಾರದಿರಲಿ ಎಂದು. ಹಲಗೆಗೆ ಮೊಳೆ ಹೊಡೆದು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ ಏನೋ ಒಂದನ್ನು ಇಬ್ಬರು ಎತ್ತಿ ಹಿಡಿದಿದ್ದರು. ಅವರೇ ಮಾಡಿಕೊಂಡ ಕೋನಮಾಪಕ ಅದು. ಉಳಿದವರು ಹಿಂದಿನ ಕಣದಲ್ಲಿ ಬಗ್ಗಿ ಸುಣ್ಣದ ಗೆರೆ ಎಳೆಯತೊಡಗಿದರು. ರಂಗೋಲಿ ಹಾಕುವಂತೆ ಅಳೆದು ಅಳೆದು ಎಳೆಯುತ್ತಿದ್ದರು. ಅಂಗಡಿಯವನು ಬೈಯುವುದನ್ನು ನಿಲ್ಲಿಸಿ ತಾನೂ ಒಂದು ಹಗ್ಗದ ತುದಿ ಹಿಡಿದು ನಿಂತಿದ್ದ. ಮನೆಗಳಿಂದ ಹೆಂಗಸರು ಬಂದು ಸುತ್ತುಗಟ್ಟಿದರು. ಇತ್ತ ನಮ್ಮ ದಡದಲ್ಲೂ ಜನ ಸೇರಿದ್ದರು. ಮೊದಲ ಹನಿ ನನ್ನ ಕೈಮೇಲೆ ಬಿತ್ತು.

"ಟೀಚರಮ್ಮ, ಹೊತ್ತಾಗ್ತಿದೆ," ಎಂದ ಕರಿಬಸಪ್ಪ. ಅವನ ಆಳುಗಳು ಕುಲುಮೆಯ ಮೇಲೆ ತಗಡು ಹಿಡಿದಿದ್ದರು.

"ಸ್ವಲ್ಪ ತಡಿಯಪ್ಪ. ಅವರು ಲೆಕ್ಕ ಮಾಡ್ತಿದಾರೆ."

ಹಲಗೆಗಳು ಮತ್ತೆ ಎದ್ದವು. ಈ ಸಲ ಎರಡು ಗುಂಪು. ಮೊದಲನೆಯದರಲ್ಲಿ ಮೇಲಕ್ಕೆ ಒಂದು ಬಾಣ, ಎಂಟೂವರೆ. ಧ್ವಜಸ್ತಂಭದ ತುದಿ ಕಾಣುವ ಕೋನ, ಅದು ಸರಿ. ಎರಡನೆಯದರಲ್ಲಿ ಬಾಣ ಕೆಳಕ್ಕೆ. ಮೂರು.

ಕೆಳಕ್ಕೆ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಧ್ವಜಸ್ತಂಭದ ಬುಡ ಅವರ ಕಣ್ಣಿಗಿಂತ ಕೆಳಗಿತ್ತು.

ಶಂಭುಲಿಂಗಪ್ಪ ಮೇಷ್ಟ್ರ ಪಾಠದ ಮೊದಲ ವಾಕ್ಯ ನಮ್ಮೂರಿನ ಎಲ್ಲರಿಗೂ ಬಾಯಿಪಾಠ. 'ಎರಡು ದಡಗಳೂ ಸಮ ಎತ್ತರದಲ್ಲಿವೆ ಎಂದು ಭಾವಿಸಿರಿ.' ಅದು ಸುಳ್ಳೇನಾಗಿರಲಿಲ್ಲ. ಊರು ಯಾವಾಗಲೂ ಅಡ್ಡಡ್ಡಲಾಗಿಯೇ ಸರಿಯುತ್ತಿತ್ತು, ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಏಳುವುದು ಬೀಳುವುದು ಮಾಡಿರಲಿಲ್ಲ. ಈ ಸಲ ಆಚೆದಡ ಮೇಲೆದ್ದಿತ್ತು. ಮನೆ ಮರ ಎಲ್ಲವನ್ನೂ ಹೊತ್ತುಕೊಂಡೇ ಎದ್ದದ್ದರಿಂದ ಅಲ್ಲಿರುವವರಿಗೇ ಅದು ತಿಳಿದಿರಲಿಲ್ಲ. ಟ್ಯಾಂಕಿನ ಬುಡವನ್ನು ಬಿದಿರುಮೆಳೆ ಮುಚ್ಚಿದ್ದರಿಂದ ಈಚೆಯಿಂದ ನಮಗೂ ಕಾಣಲಿಲ್ಲ. ದಡ ಎದ್ದಷ್ಟೂ ಟ್ಯಾಂಕು ಎತ್ತರದಲ್ಲಿ ಕಂಡು ನನ್ನ ಲೆಕ್ಕದಲ್ಲಿ ಕಮರಿ ಕಿರಿದಾಗಿತ್ತು. ಅಷ್ಟೇ ಎತ್ತರದಿಂದ ನೋಡಿದ ಅವರಿಗೆ ನಮ್ಮ ಧ್ವಜಸ್ತಂಭ ಕುಳ್ಳಗೆ ಕಂಡು ಕಮರಿ ಅಗಲವಾಗಿತ್ತು. ಎರಡು ದಡಗಳಲ್ಲೂ ಒಂದೇ ಪಾಠ ಓದಿದ ನಾವು ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡಿದ್ದೆವು. ನನ್ನ ಐವತ್ತನ್ನು ಕಂಡ ಮೇಲೆ ಹುಡುಗಿಯರು ತಮ್ಮ ಲೆಕ್ಕವನ್ನು ಬಿಟ್ಟು ಪಾಠವನ್ನೇ ಅನುಮಾನಿಸಿದ್ದರು.

ನಾನು ಕರಿಹಲಗೆಯ ಮೇಲೆ ಚಿತ್ರ ಬರೆದೆ. ಮೇಲಿನ ಕೋನ, ಕೆಳಗಿನ ಕೋನ, ನಡುವೆ ಹನ್ನೆರಡು ಮೀಟರಿನ ಕಂಬ. ಸೀಮೆಸುಣ್ಣ ಮಳೆಹನಿಗೆ ಕದಡುತ್ತಿತ್ತು, ಸೆರಗು ಅಡ್ಡ ಹಿಡಿದು ಬರೆದೆ. ಅರವತ್ತಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಅರವತ್ತು ಎಂದು ಹಿಡಿದು, ಆಚೆದಡ ಮೂರು ಮೀಟರು ಎದ್ದಿದೆ ಎಂದಿಟ್ಟುಕೊಂಡು, ಈಚೆಯಿಂದ ನಾನು ಕಂಡ ಟ್ಯಾಂಕಿಗೆ ಹಾಕಿ ನೋಡಿದೆ. ಕೋನ ಬೀಗಕ್ಕೆ ಕೀಲಿಯಂತೆ ಕೂತಿತು. ತಲೆ ಎತ್ತಿದೆ, "ಅರವತ್ತು!" ಎಂದು ಕೂಗಬೇಕು ಎನ್ನುವಷ್ಟರಲ್ಲಿ ಆಚೆದಡದತ್ತ ಕಣ್ಣು ಹೋಯಿತು. ಆಚೆಯ ಹಲಗೆಗಳ ಮೇಲೆ ಆಗಲೇ ಬರೆದಿತ್ತು. ಆರು. ಸೊನ್ನೆ. ಕೋನದ ಕೋಷ್ಟಕ ನೋಡಿ ನಾನು ಮಾಡಿದ್ದನ್ನು ಅವರು ಕಣದ ನೆಲದ ಮೇಲೆ ಅಳತೆಗೆ ತಕ್ಕ ಚಿತ್ರ ಬರೆದು ನನಗಿಂತ ಮೊದಲೇ ಮುಗಿಸಿದ್ದರು.

ಪ್ರಾಣೇಶ ಮೇಷ್ಟ್ರು ಕರಿಹಲಗೆಯನ್ನೂ ಆಚೆದಡವನ್ನೂ ಎರಡೆರಡು ಸಲ ನೋಡಿದರು. "ನನ್ನ ಅರವತ್ತೈದು ಹತ್ತಿರ ಹತ್ತಿರ ಬಂದಿತ್ತು ನೋಡಿ," ಎಂದು ತಾವೇ ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ, "ವಾರಿಜಾ ಟೀಚರ್, ಎಂಥಾ ಮಕ್ಕಳನ್ನ ತಯಾರು ಮಾಡಿದೀರಿ ನೀವು," ಎಂದರು.

ನಾನು ಶಂಭುಲಿಂಗಪ್ಪ ಮೇಷ್ಟ್ರ ಕುರ್ಚಿಯ ಬಳಿ ಹೋಗಿ ಕೂತೆ. ಎರಡು ತಲೆಮಾರಿನ ಮಕ್ಕಳು ಕಲಿತ ಪಾಠ ಅದು. ಅದರ ಮೊದಲ ವಾಕ್ಯವೇ ಬಿದ್ದುಹೋಯಿತು ಎಂದು ಅವರಿಗೆ ಹೇಗೆ ಹೇಳುವುದು? ನಡೆದದ್ದನ್ನು ಮೆಲ್ಲಗೆ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೆರಳಿನಿಂದ ತೊಡೆಯ ಮೇಲೆ ತ್ರಿಕೋನ ಬರೆದರು, ಮತ್ತೊಂದು ಬರೆದರು.

"ಆ ಮಕ್ಕಳಿಗೆ ಟೀಚರ್ ಯಾರೂ ಇರ್ಲಿಲ್ಲ ಅಲ್ವಾ ಅಲ್ಲಿ?" ಎಂದು ಕೇಳಿದರು.

"ಇಲ್ಲ ಮೇಷ್ಟ್ರೇ. ಅವರೇ."

"ಹೆಣ್ಣುಮಕ್ಕಳು. ನನ್ನ ಪಾಠ ಓದಿ, ನನ್ನ ಪಾಠಾನೇ ತಿದ್ದಿದವು." ಅವರ ಮುಖ ಅರಳಿತ್ತು. ಕೋಲು ಊರಿ ಎದ್ದು ನಿಂತರು. "ಕರಿಬಸಪ್ಪ, ಕಡಿ. ಅರವತ್ತು. ದಡ ಮೂರು ಮೀಟರು ಏರಿದೆ, ಅದನ್ನೂ ಲೆಕ್ಕಕ್ಕೆ ತಗೋ. ಯಾರು ಹೇಳಿದ್ದು ಅಂತ ಕೇಳಿದ್ರೆ ಬಾಲಿಕೆಯರ ಹೈಸ್ಕೂಲು ಅಂತ ಹೇಳು."

ಎರಕ ಹೊಯ್ದದ್ದು ಮಳೆ ಬಿರುಸಾಗುವ ಮುಂಚೆ ಮುಗಿಯಿತು. ಹಗ್ಗ ಕಮರಿ ದಾಟಿದ ದಿನ ಎರಡೂ ದಡದಲ್ಲಿ ಊರಿಗೆ ಊರೇ ನಿಂತಿತ್ತು. ಗಾಳಿಪಟದ ದಾರದಿಂದ ಮೊದಲೇ ದಾಟಿಸಿದ ಎಳೆಹಗ್ಗ ಹಿಡಿದು ಆಚೆಯ ಗಂಡಸರು ಎಳೆದರು, ಈಚೆಯವರು ಬಿಟ್ಟರು. ಕಬ್ಬಿಣದ ಗಡ್ಡೆ ಆಚೆಯ ಕಲ್ಲಿನ ಗೂಡಿನೊಳಗೆ ಹೋಗಿ ಕೂತಾಗ ಆದ 'ಠಣ್' ಎಂಬ ಸದ್ದು ನೀರಿನ ಮೊರೆತವನ್ನು ದಾಟಿ ನಮ್ಮ ಕಿವಿಗೆ ಬಿತ್ತು. ಗಿಡ್ಡವಾಗಲಿಲ್ಲ, ಜೋಲಲಿಲ್ಲ. ಕರಿಬಸಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಆಚೆಯ ಹುಡುಗಿಯರಿಗೆ ಬೀಸಿದ. ಹಲಗೆ ಹಾಸಿ ಮುಗಿಯುವ ಮೊದಲೇ ಮುಬೀನಾ ಓಡಿಬಂದಳು, ಹಿಂದೆ ದೇವೀರಿ. ಇಬ್ಬರ ಬಗಲಲ್ಲೂ ಕಾಲೇಜಿಗೆ ಸೇರುವ ಕಾಗದಗಳು. ದೇವೀರಿಯ ತಾಯಿ ಅವಳ ಹಿಂದೆಯೇ ಬಂದು ನನ್ನ ಕೈ ಹಿಡಿದುಕೊಂಡಳು. ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಬಿಟ್ಟಳು.

ತಿದ್ದುಪಡಿಯ ಕೊನೆಯ ದಿನ ಎಲ್ಲ ಹೈಸ್ಕೂಲುಗಳ ಗಣಿತದವರು ನಮ್ಮ ಶಾಲೆಯಲ್ಲಿ ಸೇರುವುದು ಪದ್ಧತಿ. ಹೊಸ ಅಳತೆಗಳನ್ನು ಓದುತ್ತೇವೆ, ಯಾವ ಲೆಕ್ಕ ಬಿಡಬೇಕು, ಯಾವುದನ್ನು ಸೇರಿಸಬೇಕು ಎಂದು ಜಗಳಾಡುತ್ತೇವೆ, ಬರುವ ವರ್ಷದ ಸಾಮಾನು ಹಂಚಿಕೊಳ್ಳುತ್ತೇವೆ. ಈ ಸಲ 'ಎತ್ತರ ಮತ್ತು ದೂರ' ಪಾಠಕ್ಕೆ ಬಂದಾಗ ಪ್ರಾಣೇಶ ಮೇಷ್ಟ್ರು, "ಹೊಸ ಪಾಠ ನೀವು ಮಾಡಿ ತೋರಿಸಿ ಟೀಚರ್, ನಾವು ಬರ್ಕೊಳ್ತೀವಿ," ಎಂದರು.

"ನಾನಲ್ಲ," ಎಂದೆ. ಬಾಗಿಲ ಬಳಿ ಹೋಗಿ ಕರೆದೆ.

ಮುಬೀನಾ ಒಳಗೆ ಬಂದಳು. ಬೆಂಚುಗಳ ಮೇಲೆ ನರೆತ ತಲೆಯ ಮೇಷ್ಟ್ರುಗಳು ಸಾಲಾಗಿ ಕೂತಿರುವುದನ್ನು ನೋಡಿ ಒಂದು ಕ್ಷಣ ನಿಂತಳು. ದೇವೀರಿ ಹಿಂದಿನಿಂದ ಅವಳ ಬೆನ್ನಿಗೆ ಒಂದು ತಿವಿದಳು. ನಾನು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಮೊದಲ ಬೆಂಚಿನಲ್ಲಿ ಶಂಭುಲಿಂಗಪ್ಪ ಮೇಷ್ಟ್ರ ಪಕ್ಕ ಹೋಗಿ ಕೂತೆ.

ಅವಳು ಹಲಗೆಯ ಮೇಲೆ ಎರಡು ದಡ ಬರೆದಳು, ಒಂದನ್ನು ಇನ್ನೊಂದಕ್ಕಿಂತ ಮೇಲೆ. ಮೊದಮೊದಲು ದನಿ ನಡುಗುತ್ತಿತ್ತು. ಕೆಳಮುಖದ ಬಾಣದ ಹತ್ತಿರ ಬರುವಾಗ ನಡುಕ ಎಲ್ಲೋ ಬಿದ್ದುಹೋಗಿತ್ತು. ಯಾಕೆ ಬುಡವನ್ನೂ ನೋಡಬೇಕು, ನೋಡದಿದ್ದರೆ ಯಾವ ದಡದವರಿಗೆ ಏನು ತಪ್ಪು ಬರುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ದೇವೀರಿ ನಡುನಡುವೆ ಬಾಯಿ ಹಾಕಿ, "ಅಲ್ಲಿ ಮಲ್ಗೋವಾಗ ಯಾರಾದ್ರೂ ಕಾಲು ಹಿಡ್ಕೋಬೇಕು ಮೇಷ್ಟ್ರೇ, ಅದೂ ಬರ್ಕೊಳ್ಳಿ," ಎಂದಾಗ ಕೋಣೆಗೆ ಕೋಣೆಯೇ ನಕ್ಕಿತು, ಆದರೆ ಎಲ್ಲರೂ ಅದನ್ನು ಬರೆದುಕೊಂಡರು. ಕೊನೆಗೆ ಮುಬೀನಾ ಕೈಯ ಪುಡಿ ಕೊಡವಿ ನಮ್ಮ ಕಡೆ ತಿರುಗಿದಳು.

"ಎಲ್ರಿಗೂ ಅರ್ಥ ಆಯ್ತಾ?"

ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ ಕೈ ಎತ್ತಿ ನಿಂತೆ.

"ಇನ್ನೊಂದ್ಸಲ ಹೇಳಮ್ಮ."